ಭಯಕ್ಕೂ ಒಂದು ಊರು ಬೇಕು

ಬೆಂಗಳೂರಿನ ಡಬಲ್ ರೋಡ್ ಫ್ಲೈಓವರ್. ಎರಡು ದಿಕ್ಕಿನ ವಾಹನಗಳ ನಡುವೆ ಸಾಲಾಗಿ ಜೋಡಿಸಿದ ಸಿಮೆಂಟ್ ದಿಮ್ಮಿಗಳು. ಸೇತುವೆಯ ತುದಿಯವರೆಗೂ ಹೋಗಿ ಸುತ್ತಿ ಬರುವ ತಾಳ್ಮೆಯಿಲ್ಲದ ಬೈಕ್ ಸವಾರನೊಬ್ಬ ಗಾಡಿ ನಿಲ್ಲಿಸಿ ಒಂದು ದಿಮ್ಮಿಯನ್ನು ಪಕ್ಕಕ್ಕೆ ಸರಿಸುತ್ತಾನೆ, ಸಂದಿಯಲ್ಲಿ ಗಾಡಿ ತಿರುಗಿಸಿಕೊಂಡು ಹೊರಟುಬಿಡುತ್ತಾನೆ. ಸರಿಸಿದ ದಿಮ್ಮಿ ರಸ್ತೆಯ ಮೇಲೇ ಉಳಿಯುತ್ತದೆ. ಅಲ್ಲೇ ಪಕ್ಕದಲ್ಲಿ ಕೂತ ನಿರ್ಗತಿಕನೊಬ್ಬ ಆ ಬೈಕಿನ ನಂಬರನ್ನು ಚೀಟಿಯಲ್ಲಿ ಬರೆದುಕೊಳ್ಳುತ್ತಾನೆ.

ಪವನ್ ಕುಮಾರ್ ನಿರ್ದೇಶನದ ‘ಯೂ ಟರ್ನ್’ 2016ರಲ್ಲಿ ತೆರೆಗೆ ಬಂದಾಗ ನೋಡುಗರನ್ನು ಹೆದರಿಸಿದ್ದು ಈ ದಿಮ್ಮಿ. ಪಾಳುಬಂಗಲೆಯಿಲ್ಲ, ಬಿಳಿ ಸೀರೆಯಿಲ್ಲ, ಗೆಜ್ಜೆ ಸದ್ದಿಲ್ಲ. ಪತ್ರಿಕಾ ಕಚೇರಿಗೆ ತರಬೇತಿಗೆ ಬಂದ ಹುಡುಗಿಯೊಬ್ಬಳು ಸಂಚಾರ ನಿಯಮ ಮುರಿಯುವವರ ಬಗ್ಗೆ ಲೇಖನ ಬರೆಯಲು ಹೊರಡುತ್ತಾಳೆ. ಅವಳ ಪಟ್ಟಿಯಲ್ಲಿರುವ ನಂಬರಿನವರು ಒಬ್ಬೊಬ್ಬರಾಗಿ ಸತ್ತಿರುವುದು ಗೊತ್ತಾಗುತ್ತದೆ. ಬೆಂಗಳೂರಿನಲ್ಲಿ ಗಾಡಿ ಓಡಿಸುವ ಯಾರಿಗೇ ಆಗಲಿ ಈ ಕಥೆ ಬೆನ್ನಿಗೆ ತಣ್ಣೀರು ಎರಚಿದ ಹಾಗೆ ತಟ್ಟುತ್ತದೆ. ಅಡ್ಡದಾರಿಯಲ್ಲಿ ತಿರುಗಿಸಿಕೊಂಡ ನೆನಪು ಎಲ್ಲರಿಗೂ ಇರುತ್ತದೆ. ಮುಂದೆ ತಮಿಳು, ತೆಲುಗಿಗಷ್ಟೇ ಅಲ್ಲದೆ ಫಿಲಿಪ್ಪೀನ್ಸ್‌ಗೂ ಹೋದ ಕಥೆ ಹುಟ್ಟಿದ್ದು ಒಂದು ಊರಿನ ಒಂದು ಸೇತುವೆಯ ಮೇಲಿನ ಒಂದು ಕೆಟ್ಟ ಅಭ್ಯಾಸದಿಂದ.

ಥ್ರಿಲ್ಲರ್, ಹಾರರ್, ಪತ್ತೇದಾರಿ, ಸೈನ್ಸ್ ಫಿಕ್ಷನ್ ಇವನ್ನೆಲ್ಲ ಗಾಂಧಿನಗರದ ಮಂದಿ ಈಗ ‘ಜಾನರ್ ಸಿನಿಮಾ’ ಎಂದು ಒಂದೇ ಹೆಸರಿನಲ್ಲಿ ಕರೆಯುತ್ತಾರೆ. ಇಂಥ ಚಿತ್ರಕ್ಕೆ ಟಿಕೆಟ್ ಕೊಂಡವನಿಗೂ ಅದನ್ನು ಮಾಡಿದವನಿಗೂ ನಡುವೆ ಬಾಯಿಮಾತಿನ ಒಂದು ಕರಾರು ಇರುತ್ತದೆ. ನೋಡುಗ ಹೇಳುವುದು: ‘ನೀನು ಹೇಳಿದ ಅಸಾಧ್ಯವನ್ನು ನಾನು ನಂಬುತ್ತೇನೆ. ನೀನು ಹಾಕಿದ ನಿಯಮವನ್ನು ನೀನು ಮುರಿಯಬೇಡ. ಕೊಲೆಗಾರ ಯಾರೆಂಬ ಸುಳಿವನ್ನು ಮೊದಲೇ ನನ್ನ ಕಣ್ಣ ಮುಂದೆ ಇಟ್ಟಿರು.’ ಈ ಕರಾರು ಉಳಿದಾಗ ಸಣ್ಣ ಬಜೆಟ್ಟಿನ ಚಿತ್ರವೂ ಗೆಲ್ಲುತ್ತದೆ. ಕಥೆಗೆ ನಿಜವಾದ ಒಂದು ಊರು, ಅಲ್ಲಿನ ಮಾತು, ಅಲ್ಲಿನ ಭಯ ಸೇರಿದರೆ ಆ ಚಿತ್ರ ಹತ್ತು ವರ್ಷ ಕಳೆದರೂ ಹಳತಾಗುವುದಿಲ್ಲ. ಕನ್ನಡದ ಅನುಭವ ಹೇಳುವುದು ಇದನ್ನೇ. ಆದರೂ ನಮ್ಮ ಚಿತ್ರರಂಗ ಮತ್ತು ಟೀವಿ ಈ ಪಾಠವನ್ನು ಪ್ರತಿ ಐದು ವರ್ಷಕ್ಕೊಮ್ಮೆ ಮರೆಯುತ್ತವೆ.

ಕನ್ನಡಕ್ಕೆ ಈ ಬಗೆಯ ಚಿತ್ರ ಹೊಸದಲ್ಲ. ದೊರೈ–ಭಗವಾನ್ ಜೋಡಿ 1968ರಲ್ಲಿ ‘ಜೇಡರ ಬಲೆ’ ಮಾಡಿ ರಾಜ್‌ಕುಮಾರ್ ಅವರನ್ನು ಸಿಐಡಿ 999 ಆಗಿ ತೆರೆಗೆ ತಂದಿತು. ಪುರಾಣ, ಇತಿಹಾಸ, ಕೌಟುಂಬಿಕ ಕಥೆಗಳ ನಾಯಕ ಸೂಟು ತೊಟ್ಟು ಪಿಸ್ತೂಲು ಹಿಡಿದದ್ದು ಜನಕ್ಕೆ ಹಬ್ಬವಾಯಿತು. ‘ಗೋವಾದಲ್ಲಿ ಸಿಐಡಿ 999’, ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999’ ಬೆನ್ನಿಗೇ ಬಂದವು. ಜೇಮ್ಸ್ ಬಾಂಡ್‌ನ ನೆರಳು ಅವುಗಳ ಮೇಲೆ ದಟ್ಟವಾಗಿತ್ತು, ನಿಜ. ಆದರೆ ಆ ಚಿತ್ರಗಳಿಗೆ ನೋಡುಗರನ್ನು ಸಿದ್ಧಮಾಡಿದವರು ಇಲ್ಲಿನವರೇ. ನಾಲ್ಕನೇ ತರಗತಿಯವರೆಗೆ ಓದಿ, ಐನೂರಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿ ಬರೆದ ಎನ್. ನರಸಿಂಹಯ್ಯ ಅವರ ಪುಸ್ತಕಗಳು ಆಗ ಬಾಡಿಗೆ ಲೈಬ್ರರಿಗಳಲ್ಲಿ ಕೈಯಿಂದ ಕೈಗೆ ಓಡಾಡುತ್ತಿದ್ದವು. ಕನ್ನಡದಲ್ಲಿ ಎಷ್ಟೋ ಮಂದಿಗೆ ಓದಿನ ಚಟ ಹತ್ತಿಸಿದ್ದು ಅವರ ಪತ್ತೇದಾರ ಪುರುಷೋತ್ತಮ. ‘ಮುಂದೇನು’ ಎಂಬ ಕುತೂಹಲ ಕೀಳು ಎಂದು ಮೂಗು ಮುರಿಯುವವರು ಇದನ್ನು ನೆನಪಿಡಬೇಕು.

ಎಪ್ಪತ್ತರ ದಶಕದ ಕೊನೆಗೆ ಈ ಕುತೂಹಲ ಮನೆಯೊಳಕ್ಕೆ ಬಂತು. ಕಾಶೀನಾಥ್ 1978ರಲ್ಲಿ ‘ಅಪರಿಚಿತ’ ಮಾಡಿದಾಗ ಕೈಯಲ್ಲಿ ದೊಡ್ಡ ತಾರೆಯಿರಲಿಲ್ಲ, ಕಥೆಯ ಮೇಲಿನ ನಂಬಿಕೆಯಿತ್ತು. ಅದೇ ಕಥೆಯನ್ನು ಅವರು ಹಿಂದಿಯಲ್ಲೂ ನಿರ್ದೇಶಿಸಿದರು. ಮರುವರ್ಷ ಬಂದ ‘ನಾ ನಿನ್ನ ಬಿಡಲಾರೆ’ ಚಿತ್ರದಲ್ಲಿ ಹೆಣ್ಣು ದೆವ್ವ ಮೆಟ್ಟಿಕೊಂಡದ್ದು ಗಂಡಸಿನ ಮೈಮೇಲೆ. ಅನಂತ್ ನಾಗ್ ಅವರ ನೋಟ ಬದಲಾಗುವ ಗಳಿಗೆ, ಅದನ್ನು ಕಂಡ ಲಕ್ಷ್ಮಿ ಅವರ ಮುಖದ ದಿಗಿಲು ಇವತ್ತಿಗೂ ಕೆಲಸ ಮಾಡುತ್ತವೆ. ಗ್ರಾಫಿಕ್ಸ್ ಇಲ್ಲದ ಕಾಲದಲ್ಲಿ ಮೇಕಪ್, ಬೆಳಕು ಮತ್ತು ಇಬ್ಬರು ನಟರು ಸೇರಿ ಆ ಕೆಲಸ ಮಾಡಿದ್ದರು. ಆ ಕಾಲದಲ್ಲಿ ಚಿತ್ರ ನೋಡಿ ರಾತ್ರಿ ಒಬ್ಬರೇ ಹಿತ್ತಲಿಗೆ ಹೋಗಲು ಹೆದರಿದವರು ಈಗಲೂ ಮೊಮ್ಮಕ್ಕಳಿಗೆ ಆ ಕಥೆ ಹೇಳುತ್ತಾರೆ.

ಈ ಸಾಲಿನಲ್ಲಿ ಹೆಚ್ಚು ಹೊತ್ತು ನಿಂತು ನೋಡಬೇಕಾದವರು ಸುನೀಲ್ ಕುಮಾರ್ ದೇಸಾಯಿ. 1989ರ ‘ತರ್ಕ’ದಲ್ಲಿ ಒಂದೂ ಹಾಡಿರಲಿಲ್ಲ. ಕ್ಯಾಸೆಟ್ ಮಾರಾಟವೇ ಚಿತ್ರಕ್ಕೆ ಪ್ರಚಾರ ಎನ್ನುತ್ತಿದ್ದ ದಿನಗಳಲ್ಲಿ, ಶಂಕರ್ ನಾಗ್ ಮತ್ತು ದೇವರಾಜ್ ಅವರನ್ನು ಒಂದು ಮನೆಯೊಳಗಿನ ಒಗಟಿನ ಸುತ್ತ ನಿಲ್ಲಿಸಿ, ಹಾಡಿನ ಬಿಡುವು ಕೊಡದೆ ಕಥೆ ಹೇಳುವುದು ಎದೆಗಾರಿಕೆಯ ಕೆಲಸವಾಗಿತ್ತು. ಚಿತ್ರ ಗೆದ್ದಿತು. ಕೆ.ಎಸ್. ರವಿಕುಮಾರ್ ಅದನ್ನೇ ತಮಿಳಿನಲ್ಲಿ ‘ಪುರಿಯಾದ ಪುದಿರ್’ ಎಂದು ಮಾಡಿ ನಿರ್ದೇಶಕರಾದರು. 1993ರಲ್ಲಿ ಬಂದ ‘ನಿಷ್ಕರ್ಷ’ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಬ್ಯಾಂಕ್ ಇರುವ ಒಂದು ಎತ್ತರದ ಕಟ್ಟಡ, ಒಳಗೆ ದರೋಡೆಕೋರರು ಮತ್ತು ಒತ್ತೆಯಾಳುಗಳು, ಹೊರಗೆ ಪೊಲೀಸರು, ನಡುವೆ ವಿಷ್ಣುವರ್ಧನ್. ವಿಷ್ಣು ಅವರಂಥ ತಾರೆಯೂ ಇಲ್ಲಿ ಕಥೆಯ ಅಳತೆಗೆ ತಕ್ಕಂತೆ ನಿಂತರು. ಮೆಟ್ಟಿಲು, ಲಿಫ್ಟು, ಕಿಟಕಿ, ಕಾರಿಡಾರು, ಇವುಗಳ ಲೆಕ್ಕ ನೋಡುಗನ ತಲೆಯಲ್ಲೂ ಕೂರುತ್ತದೆ. ಯಾರು ಯಾವ ಮಹಡಿಯಲ್ಲಿದ್ದಾರೆ ಎಂಬುದು ಗೊತ್ತಿರುವುದರಿಂದಲೇ ಬಾಗಿಲು ತೆರೆಯುವ ಸದ್ದಿಗೆ ಉಸಿರು ಹಿಡಿಯುವಂತಾಗುತ್ತದೆ.

ಅದೇ 1993ರಲ್ಲಿ ಉಪೇಂದ್ರ ‘ಶ್!’ ತಂದರು. ಸಿನಿಮಾ ಚಿತ್ರೀಕರಣಕ್ಕೆ ಹೋದ ತಂಡದ ಸುತ್ತ ಕೊಲೆಗಳು ನಡೆಯುವ ಕಥೆ ಅದು. ಎರಡೂ ಚಿತ್ರಗಳನ್ನು ಒಟ್ಟಿಗಿಟ್ಟು ನೋಡಿದರೆ ಒಂದು ವಿಷಯ ಎದ್ದು ಕಾಣುತ್ತದೆ. ಕಥೆ ಒಂದು ಜಾಗದಲ್ಲಿ ಕಟ್ಟಿಹಾಕಿಕೊಂಡಾಗ ಖರ್ಚು ಇಳಿಯುತ್ತದೆ, ಬಿಗಿ ಏರುತ್ತದೆ.

2004ರ ‘ಆಪ್ತಮಿತ್ರ’ದ ಯಶಸ್ಸು ಈ ದಾರಿಯನ್ನು ಅಗಲ ಮಾಡಿತು. ಮಲಯಾಳಂನ ‘ಮಣಿಚಿತ್ರತಾಳ್’ ಆಧರಿಸಿ ಪಿ. ವಾಸು ಮಾಡಿದ ಈ ಚಿತ್ರದಲ್ಲಿ ನಾಗವಲ್ಲಿಯಾದ ಸೌಂದರ್ಯ ಅದರ ಬಿಡುಗಡೆಗೆ ಮೊದಲೇ ತೀರಿಕೊಂಡಿದ್ದರು. ದೆವ್ವದ ಕಥೆಯಂತೆ ಶುರುವಾಗಿ ಮನಸ್ಸಿನ ಕಾಯಿಲೆಯ ಕಥೆಯಾಗಿ ಮುಗಿಯುವುದು ಅದರ ಬಲ. ನೋಡುಗನ ಹೆದರಿಕೆಗೂ ಮರ್ಯಾದೆ ಕೊಟ್ಟು, ಅವನ ಬುದ್ಧಿಗೂ ಮರ್ಯಾದೆ ಕೊಟ್ಟಿತು. ಆಮೇಲೆ ಬಂದ ಎಷ್ಟೋ ಚಿತ್ರಗಳು ಅದರಿಂದ ಎತ್ತಿಕೊಂಡದ್ದು ಬಂಗಲೆ ಮತ್ತು ಬೀಗ ಹಾಕಿದ ಕೋಣೆಯನ್ನು ಮಾತ್ರ. ಕತ್ತಲಲ್ಲಿ ಬೆಕ್ಕು ಹಾರುವುದು, ಕನ್ನಡಿಯಲ್ಲಿ ಮುಖ ಕಾಣುವುದು, ಸ್ಪೀಕರ್ ಹರಿಯುವಷ್ಟು ಸದ್ದು. ಆ ಸದ್ದಿಗೆ ಮೈ ಬೆಚ್ಚುತ್ತದೆ. ಮನೆಗೆ ಬಂದು ಊಟಕ್ಕೆ ಕೂರುವಷ್ಟರಲ್ಲಿ ಅದು ಮರೆತುಹೋಗಿರುತ್ತದೆ.

ಜನ ಮತ್ತೆ ಬೆಚ್ಚಿದ್ದು 2015ರ ಜುಲೈಯಲ್ಲಿ. ಅನೂಪ್ ಭಂಡಾರಿ ಅವರ ‘ರಂಗಿತರಂಗ’ ಬಿಡುಗಡೆಯಾದ ಮರುವಾರವೇ ‘ಬಾಹುಬಲಿ’ ಬಂತು. ಹೊಸಬರ ಚಿತ್ರ ಎರಡು ವಾರಕ್ಕೆ ಎತ್ತಂಗಡಿಯಾಗುತ್ತದೆ ಎಂದವರೇ ಹೆಚ್ಚು. ಆದರೆ ಬಾಯಿಂದ ಬಾಯಿಗೆ ಸುದ್ದಿ ಹರಡಿ ಚಿತ್ರ ನಿಂತಿತು. ಕಮರೊಟ್ಟು ಎಂಬ ಊರು, ಅಲ್ಲಿನ ಕಾಡು, ಯಕ್ಷಗಾನ, ಭೂತಾರಾಧನೆ, ಊರವರ ಪಿಸುಮಾತು ಇವೆಲ್ಲ ಕಥೆಯ ಅಂಗವಾಗಿದ್ದವು. ಕರಾವಳಿಯಲ್ಲಿ ಬೆಳೆದವರಿಗೆ ರಾತ್ರಿ ದೂರದಿಂದ ಕೇಳುವ ಚೆಂಡೆ ಸದ್ದು ಗೊತ್ತು. ಗದ್ದೆ ಬದುವಿನಲ್ಲಿ ಟಾರ್ಚ್ ಹಿಡಿದು ನಡೆಯುವಾಗ ಆ ಸದ್ದು ಭಕ್ತಿಯನ್ನೂ ಭಯವನ್ನೂ ಒಟ್ಟಿಗೆ ಹುಟ್ಟಿಸುತ್ತದೆ. ಚಿತ್ರ ಅದನ್ನು ಕರ್ನಾಟಕದ ಉಳಿದವರಿಗೆ ಕೇಳಿಸಿತು.

ಏಳು ವರ್ಷದ ನಂತರ ‘ಕಾಂತಾರ’ ಅದೇ ನೆಲದ ದೈವವನ್ನು ದೇಶದ ಮೂಲೆಮೂಲೆಗೆ ಕೊಂಡೊಯ್ದಿತು. ಕಾಡಿನ ಜಮೀನು ಯಾರದು ಎಂಬ ಪ್ರಶ್ನೆ ಅದರ ಒಳಗಿತ್ತು, ಅದಕ್ಕೇ ದೈವದ ಕೂಗಿಗೆ ತೂಕ ಬಂತು. ಇಲ್ಲೊಂದು ಅಪಾಯವೂ ಇದೆ, ಅದನ್ನು ಬಿಡಿಸಿ ಹೇಳಬೇಕು. ದೈವ ಕಟ್ಟುವವರಿಗೆ ಅದು ವಂಶದ ಹೊಣೆ, ನೋಂಪಿ, ವರ್ಷಪೂರ್ತಿಯ ಶಿಸ್ತು. ಚಿತ್ರಕ್ಕೆ ರೋಮಾಂಚನ ಬೇಕೆಂದಾಗೆಲ್ಲ ಒಂದು ಕೋಲ ತುರುಕುವುದು ನಂಬುವವರಿಗೂ ಅನ್ಯಾಯ, ಕಥೆಗೂ ಅನ್ಯಾಯ. ಭಯದ ಊರು ಎಂದರೆ ಕರಾವಳಿ ಒಂದೇ ಎಂಬ ಹೊಸ ಸೂತ್ರವೂ ಹಳೆಯ ಬಂಗಲೆಯಷ್ಟೇ ಬೇಗ ಸವೆಯುತ್ತದೆ.

ಬೇರೆ ಊರುಗಳಲ್ಲೂ ಕಥೆಗಳಿವೆ ಎಂದು ತೋರಿಸಿದವರಿದ್ದಾರೆ. ಹೇಮಂತ್ ರಾವ್ ಅವರ ‘ಕವಲುದಾರಿ’ 2019ರಲ್ಲಿ ಬಂತು, ಪುನೀತ್ ರಾಜ್‌ಕುಮಾರ್ ಅವರ ಪಿಆರ್‌ಕೆ ಸಂಸ್ಥೆಯ ಮೊದಲ ಚಿತ್ರ. ಮೆಟ್ರೊ ಕಾಮಗಾರಿಗೆ ನೆಲ ಅಗೆದಾಗ ಮನುಷ್ಯರ ಹಳೆಯ ಮೂಳೆಗಳು ಸಿಗುತ್ತವೆ. ಪ್ರಕರಣಕ್ಕೆ ಬೆನ್ನುಬೀಳುವವನು ಅಪರಾಧ ವಿಭಾಗದವನಲ್ಲ, ದಿನವಿಡೀ ಹೊಗೆಯಲ್ಲಿ ನಿಲ್ಲುವ ಟ್ರಾಫಿಕ್ ಪೊಲೀಸ್. ಬೆಂಗಳೂರು ತನ್ನ ಹಳೆಯದನ್ನೆಲ್ಲ ಅಗೆದು ಹೊಸದನ್ನು ಕಟ್ಟುತ್ತಿರುವ ಹೊತ್ತಿನಲ್ಲಿ, ಅಗೆದ ಗುಂಡಿಯಿಂದಲೇ ಹಳೆಯ ಅಪರಾಧ ಎದ್ದು ಬರುವುದು ಎಷ್ಟು ಒಪ್ಪುವ ಕಲ್ಪನೆ! ನಿವೃತ್ತ ಅಧಿಕಾರಿಯಾಗಿ ಅನಂತ್ ನಾಗ್ ಹೇಳುವುದಕ್ಕಿಂತ ಹೇಳದೆ ಬಿಡುವುದೇ ಹೆಚ್ಚು. 2024ರ ‘ಶಾಖಾಹಾರಿ’ ಇನ್ನೂ ಸಣ್ಣ ಜಾಗ ಹಿಡಿಯಿತು. ತೀರ್ಥಹಳ್ಳಿ ಕಡೆಯ ಒಂದು ಸಸ್ಯಾಹಾರಿ ಹೋಟೆಲು, ಅದನ್ನು ನಡೆಸುವ ಸುಬ್ಬಣ್ಣ. ಕೊಲೆ ಆರೋಪ ಹೊತ್ತವನೊಬ್ಬ ಅಲ್ಲಿ ಅಡಗಿದ ಮೇಲೆ ಆ ಅಡುಗೆಮನೆಯ ಪ್ರತಿ ಪಾತ್ರೆಯೂ ಬೇರೆಯಾಗಿ ಕಾಣತೊಡಗುತ್ತದೆ. ರಂಗಾಯಣ ರಘು ಅವರ ಕೈಗೆ ಇಂಥ ಪಾತ್ರ ಸಿಕ್ಕಾಗ ಹೊಡೆದಾಟದ ಅಗತ್ಯವೇ ಬೀಳುವುದಿಲ್ಲ.

ಸೈನ್ಸ್ ಫಿಕ್ಷನ್ ಎಂದ ಕೂಡಲೇ ದುಡ್ಡಿನ ಮಾತು ಬರುತ್ತದೆ. ಅದಕ್ಕೆ ಉತ್ತರವೂ ಕನ್ನಡದಲ್ಲೇ ಇದೆ. ನಿದ್ದೆ ಬಾರದ, ಥಿಯೇಟರಿನಲ್ಲಿ ಟಾರ್ಚ್ ಬಿಟ್ಟು ಸೀಟು ತೋರಿಸುವ ಹುಡುಗ ಒಂದು ಮಾತ್ರೆ ನುಂಗಿ ಕನಸಿಗೆ ಬೀಳುವ ‘ಲೂಸಿಯಾ’ವನ್ನು 2013ರಲ್ಲಿ ಜನರಿಂದಲೇ ಹಣ ಕೂಡಿಸಿ ಮಾಡಲಾಯಿತು. ಯಾವುದು ಎಚ್ಚರ, ಯಾವುದು ಕನಸು ಎಂಬ ಪ್ರಶ್ನೆಯನ್ನು ಬಣ್ಣ ಮತ್ತು ಕಪ್ಪುಬಿಳುಪಿನ ಚಿತ್ರಿಕೆಗಳಲ್ಲೇ ಕಟ್ಟಲಾಯಿತು. ಶ್ರೀನಿಧಿ ಬೆಂಗಳೂರು ಅವರ ‘ಬ್ಲಿಂಕ್’ 2024ರಲ್ಲಿ ಕಾಲಯಾನಕ್ಕೆ ಇಟ್ಟ ನಿಯಮ ಒಂದೇ: ರೆಪ್ಪೆ ಬಡಿಯದೆ ಇರುವಷ್ಟು ಹೊತ್ತು ಮಾತ್ರ ಬೇರೆ ಕಾಲದಲ್ಲಿ ಇರಬಹುದು. ಯಂತ್ರವಿಲ್ಲ, ಲೋಹದ ಬಾಗಿಲಿಲ್ಲ. ನೋಡುತ್ತ ಕೂತವರ ಕಣ್ಣೂ ಉರಿಯತೊಡಗುತ್ತದೆ, ಅಷ್ಟು ಸರಳ, ಅಷ್ಟು ಬಿಗಿ.

2025ರ ‘ಸು ಫ್ರಮ್ ಸೋ’ ಈ ವಾದಕ್ಕೆ ಸಿಕ್ಕ ದೊಡ್ಡ ಸಾಕ್ಷಿ. ಜೆ.ಪಿ. ತುಮಿನಾಡು ನಿರ್ದೇಶಿಸಿ ನಟಿಸಿದ, ರಾಜ್ ಬಿ. ಶೆಟ್ಟಿ ಅವರ ನಿರ್ಮಾಣದ ಈ ಚಿತ್ರದಲ್ಲಿ ಕರಾವಳಿಯ ಒಂದು ಹಳ್ಳಿಯ ಹುಡುಗನ ಮೈಮೇಲೆ ಸೋಮೇಶ್ವರದ ಸುಲೋಚನಾ ಬಂದಿದ್ದಾಳೆ ಎಂಬ ಸುದ್ದಿ ಹಬ್ಬುತ್ತದೆ. ಊರಿಗೆ ಊರೇ ಸೇರಿ ಅದಕ್ಕೆ ಪರಿಹಾರ ಹುಡುಕಲು ಹೊರಡುತ್ತದೆ. ಮದುವೆಮನೆ, ಸಾವಿನಮನೆ, ಯಾರ ಮನೆಯ ಗಲಾಟೆಗೂ ಮುಂದೆ ನಿಲ್ಲುವ ರವಿಯಣ್ಣ, ತೋಚಿದ ಸಲಹೆ ಕೊಡುವ ಗೆಳೆಯರು. ಇವರನ್ನು ಕಂಡ ಪ್ರತಿಯೊಬ್ಬರಿಗೂ ತಮ್ಮ ಊರಿನ ಯಾರೋ ನೆನಪಾದರು. ನಗುತ್ತ ನಗುತ್ತ ಚಿತ್ರ ದೆವ್ವದ ಹಿಂದಿನ ಹೆಣ್ಣಿನ ಕಡೆ, ಗಂಡಿನ ಆಸರೆಯಿಲ್ಲದವಳನ್ನು ಊರು ನೋಡುವ ಬಗೆಯ ಕಡೆ ತಿರುಗುತ್ತದೆ. ದೊಡ್ಡ ತಾರೆಗಳಿಲ್ಲದ ಈ ಚಿತ್ರಕ್ಕೆ ಮೈಸೂರಿನಲ್ಲೂ ಶಿವಮೊಗ್ಗದಲ್ಲೂ ಟಿಕೆಟ್ ಸಿಗದೆ ಜನ ವಾಪಸಾದರು. ‘ಕನ್ನಡಿಗರು ಥಿಯೇಟರಿಗೆ ಬರುವುದಿಲ್ಲ’ ಎಂಬ ಗೊಣಗಾಟಕ್ಕೆ ಜನರೇ ಉತ್ತರ ಕೊಟ್ಟಂತಾಯಿತು.

ಹಾಗಿದ್ದರೂ ಕರಾರು ಮುರಿಯುವ ಚಿತ್ರಗಳು ವಾರಕ್ಕೆ ಎರಡಾದರೂ ಬರುತ್ತವೆ. ಅವುಗಳ ತಪ್ಪುಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಮೊದಲನೆಯದು, ಕೊನೆಯ ಇಪ್ಪತ್ತು ನಿಮಿಷದಲ್ಲಿ ದಿಢೀರನೆ ಹೊಸ ಪಾತ್ರ ತಂದು ಅವನೇ ಕೊಲೆಗಾರ ಎನ್ನುವುದು. ಎರಡು ಗಂಟೆ ಸುಳಿವು ಕೂಡಿಸುತ್ತ ಕೂತವನಿಗೆ ಇದು ನೇರ ಮೋಸ. ಎರಡನೆಯದು, ಪತ್ತೇದಾರನನ್ನು ಯೋಚಿಸುವವನಾಗಿ ತೋರಿಸುವ ಬದಲು ಸ್ಲೋ ಮೋಷನ್‌ನಲ್ಲಿ ನಡೆಸುವುದು. ಸೋಲದ ನಾಯಕನ ಸುತ್ತ ಭಯ ಹುಟ್ಟುವುದಿಲ್ಲ. ಅವನಿಗೆ ಏನೂ ಆಗುವುದಿಲ್ಲ ಎಂದು ಪೋಸ್ಟರ್ ನೋಡಿದ ಮಗುವಿಗೂ ಗೊತ್ತಿರುತ್ತದೆ. ಮೂರನೆಯದು ಈಚಿನ ಚಾಳಿ: ಕಥೆಯನ್ನು ಮುಗಿಸದೆ ‘ಭಾಗ 2’ ಎಂದು ಬರೆದು ದೀಪ ಹಾಕುವುದು. ಅರ್ಧ ಊಟ ಬಡಿಸಿ ಎಲೆ ತೆಗೆದರೆ ಉಂಡವನು ಮತ್ತೆ ಆ ಮನೆಗೆ ಬರುತ್ತಾನೆಯೇ?

ಇದಕ್ಕೆ ನಿರ್ಮಾಪಕರ ಸಮಜಾಯಿಷಿ ಗೊತ್ತಿರುವಂಥದ್ದು. ಹಾಡು, ಫೈಟು, ಕಾಮಿಡಿ ಇಲ್ಲದಿದ್ದರೆ ಫ್ಯಾಮಿಲಿ ಆಡಿಯನ್ಸ್ ಬರುವುದಿಲ್ಲ, ಬಿ ಮತ್ತು ಸಿ ಸೆಂಟರ್‌ಗಳಲ್ಲಿ ಓಡುವುದಿಲ್ಲ. ಈ ಮಾತಿನಲ್ಲಿ ಅನುಭವದ ಭಾರವಿದೆ, ತಳ್ಳಿಹಾಕುವಂತಿಲ್ಲ. ಸಾಲ ಮಾಡಿ ಸಿನಿಮಾ ತೆಗೆಯುವವನ ಕಷ್ಟ ಹೊರಗೆ ಕೂತವರಿಗೆ ಪೂರ್ತಿ ತಿಳಿಯದು. ಆದರೆ ‘ಆಪ್ತಮಿತ್ರ’ಕ್ಕೂ ‘ಸು ಫ್ರಮ್ ಸೋ’ಗೂ ಅಜ್ಜಿಯಿಂದ ಮೊಮ್ಮಗುವಿನವರೆಗೆ ಮನೆಮಂದಿಯೆಲ್ಲ ಬಂದಿದ್ದರು. ಎರಡರಲ್ಲೂ ಹಾಡಿತ್ತು, ಹಾಸ್ಯವಿತ್ತು, ಅವು ಕಥೆಯನ್ನು ತಡೆಯಲಿಲ್ಲ. ಹಾಡು ಬೇಡವೆಂಬ ಹಟ ಯಾರಿಗೂ ಇಲ್ಲ. ಹೆಣ ಬಿದ್ದ ಮನೆಯಿಂದ ನೇರ ಸ್ವಿಟ್ಜರ್ಲೆಂಡಿನ ಹಿಮಕ್ಕೆ ಹಾರುವ ಹಾಡಿಗೆ ಮಾತ್ರ ನೋಡುಗ ಮೊಬೈಲ್ ತೆಗೆಯುತ್ತಾನೆ.

ಟೀವಿಯ ಕಥೆ ಇದಕ್ಕಿಂತ ಬೇಸರದ್ದು. 1998ರಲ್ಲಿ ದೂರದರ್ಶನದಲ್ಲಿ ‘ಮಾಯಾಮೃಗ’ ಬರುತ್ತಿದ್ದಾಗ ಆ ಹೊತ್ತಿಗೆ ಮನೆಮನೆಯಲ್ಲೂ ಅದೇ ದನಿ ಕೇಳುತ್ತಿತ್ತು. ಅದರ ನಿರ್ದೇಶಕರಲ್ಲೊಬ್ಬರಾದ ಟಿ.ಎನ್. ಸೀತಾರಾಮ್ ಮುಂದೆ ತಮ್ಮ ಧಾರಾವಾಹಿಗಳಲ್ಲಿ ಕೋರ್ಟನ್ನೇ ರಂಗಸ್ಥಳ ಮಾಡಿದರು. ಕರಿಕೋಟಿನ ವಕೀಲ ಸಿಎಸ್‌ಪಿ ಪಾಟೀಸವಾಲಿಗೆ ಎದ್ದು ನಿಂತರೆ, ಕಾನೂನು ಓದದ ಗೃಹಿಣಿಯೂ ಸಾಕ್ಷಿಯ ಮಾತಿನ ಬಿರುಕನ್ನು ಹುಡುಕುತ್ತಿದ್ದಳು. ವಾದವನ್ನು ಹಿಂಬಾಲಿಸುವ ಆ ಸುಖವೂ ಜಾನರ್ ಕೊಡುವ ಸುಖವೇ. ಈಗ ಸಂಜೆ ಆರರಿಂದ ಹತ್ತರವರೆಗೆ ಚಾನೆಲ್‌ಗಳಲ್ಲಿ ಸಿಗುವ ಅದ್ಭುತವೆಂದರೆ ಹೆಚ್ಚಾಗಿ ಹಾವು, ಮಾಟ, ಸೇಡು. ಹಾವಿನ ಕಥೆ ಕೀಳಲ್ಲ. ನಾಗಬನ ಇರುವ ನಾಡಿನಲ್ಲಿ ಅದಕ್ಕೆ ಆಳವಾದ ಬೇರಿದೆ. ತೊಡಕು ಇರುವುದು ದಿನಕ್ಕೊಂದರಂತೆ ವರ್ಷಗಟ್ಟಲೆ ಎಳೆಯುವ ಲೆಕ್ಕದಲ್ಲಿ. ಟಿಆರ್‌ಪಿ ಇರುವ ತನಕ ರಹಸ್ಯ ಒಡೆಯುವಂತಿಲ್ಲ. ಒಡೆಯದ ರಹಸ್ಯ ಮುನ್ನೂರನೇ ಕಂತಿಗೆ ರಹಸ್ಯವಾಗಿ ಉಳಿಯುವುದಿಲ್ಲ. ಬಾಗಿಲ ಸಂದಿಯಿಂದ ಕದ್ದು ಕೇಳುವ ಅದೇ ಅತ್ತೆ, ಅದೇ ಮೂರು ಸಲ ತಿರುಗುವ ಕ್ಯಾಮೆರಾ.

ಒಟಿಟಿ ಬಂದಾಗ ಎಂಟು ಕಂತಿನಲ್ಲಿ ಮುಗಿಯುವ ಬಿಗಿಯಾದ ಕನ್ನಡ ಸರಣಿಗಳನ್ನು ಜನ ನಿರೀಕ್ಷಿಸಿದ್ದರು. ಹಿಂದಿ, ತಮಿಳು, ಮಲಯಾಳಂಗೆ ಸಿಕ್ಕ ಜಾಗ ಕನ್ನಡಕ್ಕೆ ಸಿಗಲಿಲ್ಲ. ರಕ್ಷಿತ್ ಶೆಟ್ಟಿ ಅವರ ಪರಂವಃ ಸಂಸ್ಥೆ ಕರಾವಳಿಯ ಏಳು ಕಥೆಗಳ ‘ಏಕಂ’ ಸಿದ್ಧಮಾಡಿ ಕಾದು, ಕೊಳ್ಳುವವರು ಸಿಗದೆ, 2024ರ ಜುಲೈಯಲ್ಲಿ ತನ್ನದೇ ಜಾಲತಾಣ ತೆರೆದು ಬಿಡುಗಡೆ ಮಾಡಬೇಕಾಯಿತು. ಮರುವರ್ಷ ಜೀ5ನಲ್ಲಿ ರಮೇಶ್ ಇಂದಿರಾ ಅವರ ‘ಅಯ್ಯನ ಮನೆ’ ಬಂದು ಸ್ವಲ್ಪ ದಾರಿ ತೆರೆಯಿತು. ಮಲೆನಾಡಿನ ಒಂದು ಹಳೆಯ ಮನೆ, ಸೊಸೆಯಂದಿರ ಸಾವು, ಹೊಸದಾಗಿ ಕಾಲಿಟ್ಟ ಸೊಸೆ. ಚಿಕ್ಕ ಕಂತು, ಕೈಗೆಟಕುವ ಖರ್ಚು, ಮುಗಿಯುವ ಕಥೆ. ಜನ ನೋಡಿದರು, ಮಾತಾಡಿದರು. ಇದು ಒಂಟಿ ಪ್ರಯೋಗವಾಗಿ ನಿಲ್ಲಬಾರದು.

ಆಗಬೇಕಾದದ್ದು ಏನು ಎಂಬುದೂ ಅಷ್ಟು ಕಷ್ಟದ ಲೆಕ್ಕವಲ್ಲ. ‘ಅಪರಿಚಿತ’, ‘ತರ್ಕ’, ‘ನಿಷ್ಕರ್ಷ’ದಂಥ ಚಿತ್ರಗಳನ್ನು ಶುದ್ಧಗೊಳಿಸಿ ಮತ್ತೆ ದೊಡ್ಡ ಪರದೆಗೆ ತರುವ ಹೊಣೆಯನ್ನು ಚಲನಚಿತ್ರ ಅಕಾಡೆಮಿ ಹೊರಬಹುದು. ಸಿನಿಮಾ ಕಲಿಯುವ ಹುಡುಗ ಹುಡುಗಿಯರು ಕೊರಿಯಾದ ಥ್ರಿಲ್ಲರ್‌ಗಳ ಜತೆಗೆ ದೇಸಾಯಿ ಅವರ ಶಾಟ್‌ಗಳನ್ನೂ ಬಿಡಿಸಿ ನೋಡುವಂತಾಗಬೇಕು. ವಿಮರ್ಶಕರು ಹಾರರ್ ಚಿತ್ರವನ್ನು ‘ಟೈಂಪಾಸ್’ ಎಂಬ ಒಂದು ಪದದಲ್ಲಿ ಮುಗಿಸದೆ, ಅದು ತನ್ನ ನಿಯಮಕ್ಕೆ ನಿಷ್ಠವಾಗಿತ್ತೇ ಎಂದು ಕೇಳಬೇಕು. ನೋಡುಗರ ಪಾಲಿನ ಕೆಲಸವೂ ಇದೆ: ಹೊಸಬರ ಚಿತ್ರಕ್ಕೆ ಮೊದಲ ಶನಿವಾರ, ಭಾನುವಾರ ಹೋಗುವುದು, ಹೊರಬಂದ ಮೇಲೆ ಕೊಲೆಗಾರನ ಹೆಸರನ್ನು ವಾಟ್ಸ್ಆ್ಯಪ್ ಗುಂಪಿನಲ್ಲಿ ಹಾಕದೆ ಬಾಯಿ ಬಿಗಿ ಹಿಡಿಯುವುದು.

ಮನರಂಜನಾ ಚಾನೆಲ್‌ಗಳು ವಾರಕ್ಕೆ ಒಂದು ರಾತ್ರಿಯನ್ನಾದರೂ ಬಿಟ್ಟುಕೊಡಲಿ. ಶನಿವಾರ ಒಂಬತ್ತೂವರೆಗೆ, ಹದಿಮೂರು ವಾರಕ್ಕೆ ಮುಗಿಯುವ ಒಂದು ಪತ್ತೇದಾರಿ ಸರಣಿ. ಬಂಗಾಳಿಗಳು ತಮ್ಮ ಬ್ಯೋಮಕೇಶ್‌ನನ್ನೂ ಫೆಲುದಾನನ್ನೂ ತಲೆಮಾರಿಗೊಬ್ಬ ನಟನ ಮೂಲಕ ಮತ್ತೆ ಮತ್ತೆ ಪರದೆಗೆ ತರುತ್ತಲೇ ಇದ್ದಾರೆ. ಬಸು ಚಟರ್ಜಿ ಅವರ ‘ಬ್ಯೋಮಕೇಶ್ ಬಕ್ಷಿ’ಯನ್ನು ತೊಂಬತ್ತರ ದಶಕದಲ್ಲಿ ದೂರದರ್ಶನದಲ್ಲಿ ನೋಡಿ ಕನ್ನಡದ ಮನೆಗಳೂ ಕೂತಲ್ಲೇ ಕೂತಿದ್ದವು. ನರಸಿಂಹಯ್ಯನವರ ಪುರುಷೋತ್ತಮನಿಗೆ ಅಂಥ ಎರಡನೇ ಬದುಕು ಇನ್ನೂ ಸಿಕ್ಕಿಲ್ಲ. ಐನೂರಕ್ಕೂ ಹೆಚ್ಚು ಕಥೆಗಳ ಕಣಜ ಇಲ್ಲಿದೆ, ಅದನ್ನು ಬಾಡಿಗೆ ಲೈಬ್ರರಿಯಲ್ಲಿ ಓದಿ ಬೆಳೆದವರು ಇನ್ನೂ ಇದ್ದಾರೆ, ಮೊದಲ ಕಂತಿಗೆ ಟೀವಿ ಮುಂದೆ ಅವರು ಮೊಮ್ಮಕ್ಕಳನ್ನು ಕೂರಿಸಿಕೊಂಡು ಕಾಯುತ್ತಾರೆ.